20% ಸುಕ್ರೋಸ್‌ಗೆ ನೀರು 100 ಮಿ.ಲೀ. ಹಾಕಬೇಕಾ, 100 ಮಿ.ಲೀ.ವರೆಗೆ ತುಂಬಿಸಬೇಕಾ?

ಎರಡನೇ_ಸೆಮ್

ಎಲ್ಲರಿಗೂ ನಮಸ್ಕಾರ. ಮುಂದಿನ ವಾರದ ಪ್ರಾಕ್ಟಿಕಲ್‌ಗೆ ಬೇಕಾದ ದ್ರಾವಣಗಳನ್ನು ಈ ಸಲ ನಮ್ಮ ಬ್ಯಾಚೇ ಮಾಡಿಡಬೇಕು. ಪಟ್ಟಿ ಹೀಗಿದೆ: 20% ಸುಕ್ರೋಸ್, 0.8% ಅಗರೋಸ್, 70% ಎಥನಾಲ್, 1% ಎಚ್‌ಸಿಎಲ್, 1% ಕಾಪರ್ ಸಲ್ಫೇಟ್, 10% ಫಾರ್ಮಲಿನ್, 10% ಎಸ್‌ಡಿಎಸ್ (ಒಂದು ಡಿಟರ್ಜೆಂಟ್). ಇಷ್ಟೇ, ಹಿಂದೆ ಮುಂದೆ ಏನೂ ಬರೆದಿಲ್ಲ.

ಸುಕ್ರೋಸ್‌ನಲ್ಲೇ ಜಗಳ ಶುರುವಾಗಿದೆ. ನಾನು ಹೇಳುವುದು, 20 ಗ್ರಾಂ ತೂಗಿ ಅದಕ್ಕೆ 100 ಮಿ.ಲೀ. ನೀರು ಅಳೆದು ಹಾಕಿದರೆ ಮುಗಿಯಿತು ಅಂತ. ಪಕ್ಕದ ಬೆಂಚಿನವಳು, ಹಾಗಲ್ಲ, ಸ್ವಲ್ಪ ನೀರಲ್ಲಿ ಕರಗಿಸಿ ಆಮೇಲೆ 100ಕ್ಕೆ ಮೇಕಪ್ ಮಾಡಬೇಕು ಅಂತಾಳೆ. ಇನ್ನೊಬ್ಬ 80 ಮಿ.ಲೀ. ನೀರು ಸಾಕು, 20 ಕೂಡಿಸು 80 ನೂರಾಯಿತಲ್ಲ ಅಂತಾನೆ. ಮೂರರಲ್ಲಿ ಯಾವುದು ಸರಿ? ವೈವಾದಲ್ಲಿ ಕೇಳಿದರೆ ಏನು ಹೇಳಲಿ?

ಸ್ಟಾಕ್‌ರೂಮ್

ಪಕ್ಕದ ಬೆಂಚಿನವಳು ಗೆದ್ದಳು. ಘನ ವಸ್ತುವನ್ನು ನೀರಲ್ಲಿ ಕರಗಿಸಿ % ಅಂತ ಬರೆದಿದ್ದರೆ, 100 ಮಿ.ಲೀ. ದ್ರಾವಣದಲ್ಲಿ ಅಷ್ಟು ಗ್ರಾಂ. ನೀರಿನ ಲೆಕ್ಕ ಅಲ್ಲ, ದ್ರಾವಣದ ಲೆಕ್ಕ. ಬೀಕರ್‌ಗೆ 70 ಮಿ.ಲೀ. ನೀರು, ಅದಕ್ಕೆ ಸಕ್ಕರೆ, ಪೂರ್ತಿ ಕರಗಿದ ಮೇಲೆ ಸಿಲಿಂಡರ್‌ಗೆ ಸುರಿ, ಬೀಕರ್ ತೊಳೆದ ನೀರನ್ನೂ ಅದಕ್ಕೇ ಹಾಕು, ಗೆರೆವರೆಗೆ ತುಂಬಿಸು, ತಲೆಕೆಳಗು ಮಾಡಿ ಬೆರೆಸು. ಮುಗಿಯಿತು.

ಕೆಳ_ಮೆನಿಸ್ಕಸ್

ಮೂವರನ್ನೂ ತಪ್ಪು ಅನ್ನಬೇಡಿ. ಮೂವರೂ ಮೂರು ಬೇರೆ ಬೇರೆ ದ್ರಾವಣ ಮಾಡುತ್ತಿದ್ದಾರೆ, ಅಷ್ಟೇ.

20 ಗ್ರಾಂ ಸುಕ್ರೋಸ್‌ಗೆ 80 ಗ್ರಾಂ ನೀರು ಸೇರಿಸಿದರೆ ಒಟ್ಟು ತೂಕ 100 ಗ್ರಾಂ. ಅದು ತೂಕಕ್ಕೆ ತೂಕದ 20%, ಅಂದರೆ ಡಬ್ಲ್ಯೂ/ಡಬ್ಲ್ಯೂ. ಕರಗಿಸಿ 100 ಮಿ.ಲೀ.ಗೆ ತುಂಬಿಸಿದರೆ ತೂಕಕ್ಕೆ ಗಾತ್ರದ 20%, ಡಬ್ಲ್ಯೂ/ವಿ. ಇನ್ನು 20 ಗ್ರಾಂಗೆ 100 ಮಿ.ಲೀ. ನೀರು ಸುರಿದರೆ ಬರುವುದು ತೂಕದ ಲೆಕ್ಕದಲ್ಲಿ 16.7%, ಗಾತ್ರದ ಲೆಕ್ಕದಲ್ಲಿ ಸುಮಾರು 17.8%. ಯಾವ ಲೆಕ್ಕದಲ್ಲೂ ಅದು 20 ಆಗುವುದಿಲ್ಲ.

17.8 ಎಲ್ಲಿಂದ ಬಂತು ಎಂದರೆ, ಸುಕ್ರೋಸ್ ಕರಗಿದ ಮೇಲೂ ಜಾಗ ಹಿಡಿಯುತ್ತದೆ. ಒಂದು ಗ್ರಾಂಗೆ ಸುಮಾರು 0.62 ಮಿ.ಲೀ. ಹಾಗಾಗಿ 20 ಗ್ರಾಂ ಬಿದ್ದ 100 ಮಿ.ಲೀ. ನೀರು ಹೆಚ್ಚುಕಡಿಮೆ 112 ಮಿ.ಲೀ. ಆಗುತ್ತದೆ. ಸಿಲಿಂಡರ್‌ನಲ್ಲಿ ಮಾಡಿ ನೋಡಿ, ಕಣ್ಣಿಗೇ ಕಾಣುತ್ತದೆ. ವೈವಾದಲ್ಲಿ ಇದನ್ನು ಹೇಳಿದರೆ ಮುಂದಿನ ಪ್ರಶ್ನೆ ಬರುವುದಿಲ್ಲ.

ಜೀವಶಾಸ್ತ್ರದ ಲ್ಯಾಬ್‌ಗಳಲ್ಲಿ ಘನ ವಸ್ತುವಿಗೆ ಬರೀ % ಎಂದಿದ್ದರೆ ಡಬ್ಲ್ಯೂ/ವಿ, ದ್ರವಕ್ಕೆ ದ್ರವ ಬೆರೆಸುವಾಗ ಗಾತ್ರಕ್ಕೆ ಗಾತ್ರ, ಅಂದರೆ ವಿ/ವಿ ಎಂದು ಇಟ್ಟುಕೊಳ್ಳುವುದು ರೂಢಿ. ನಿಮ್ಮ ಪಟ್ಟಿಯಲ್ಲಿ ಈ ರೂಢಿ ಕೈಕೊಡುವ ಹೆಸರುಗಳೂ ಇವೆ. ಎಚ್‌ಸಿಎಲ್ ಒಂದು, ಫಾರ್ಮಲಿನ್ ಇನ್ನೊಂದು.

ಜೆಲ್_ಓಡಿಸುವವ

ಸರ್, ನೀವು ಹೇಳಿದ್ದು ಸರಿ, ಆದರೆ ಪಾಪ ಮಕ್ಕಳನ್ನು ಇಷ್ಟು ಹೆದರಿಸಬೇಕಾ? 0.9% ಸಲೈನ್ ತಗೊಳ್ಳಿ. 0.9 ಗ್ರಾಂ ಉಪ್ಪನ್ನು 100 ಮಿ.ಲೀ. ನೀರಿಗೆ ಹಾಕಿದರೆ ಗಾತ್ರ ಏರುವುದು ಕಾಲು ಮಿ.ಲೀ. ಆಸುಪಾಸು. ನಾವು ಬಳಸುವ ಸಿಲಿಂಡರ್‌ನ ಗೆರೆಯ ತಪ್ಪೇ ಅದಕ್ಕಿಂತ ಜಾಸ್ತಿ ಇರುತ್ತದೆ. 1%, 2% ದ್ರಾವಣಕ್ಕೆಲ್ಲ ಸೀದಾ ನೀರು ಅಳೆದು ಹಾಕಿ, ಕೆಲಸ ನಡೆಯುತ್ತದೆ. ನಮ್ಮ ಲ್ಯಾಬ್‌ನಲ್ಲಿ 10% ಎಪಿಎಸ್ (ಅಮೋನಿಯಂ ಪರ್ಸಲ್ಫೇಟ್, ಅಕ್ರಿಲಮೈಡ್ ಜೆಲ್ ಕಟ್ಟಿಸುವ ಪುಡಿ) ಮಾಡುವುದೂ ಹಾಗೇ: ಟ್ಯೂಬ್‌ಗೆ 0.1 ಗ್ರಾಂ, ಮೇಲೆ 1 ಮಿ.ಲೀ. ನೀರು, ಒಂದು ಸಲ ವರ್ಟೆಕ್ಸ್. ಜೆಲ್ ಕಟ್ಟುತ್ತದೆ.

ಲೆಕ್ಕ_ಮೊದಲು

ಎಪಿಎಸ್‌ನಲ್ಲಿ ನಡೆಯುತ್ತದೆ, ಯಾಕೆಂದರೆ ಅಲ್ಲಿ ಎಪಿಎಸ್ 9.5% ಇದ್ದರೂ ಅಕ್ರಿಲಮೈಡ್ ಪಾಲಿಮರ್ ಆಗುತ್ತದೆ, ಒಂದೆರಡು ನಿಮಿಷ ಹೆಚ್ಚು ಕಡಿಮೆ. ಅಲ್ಲಿ ಮುಖ್ಯವಾದದ್ದು ಎಪಿಎಸ್ ಹೊಸದಾಗಿರಬೇಕು ಅನ್ನುವುದು, ಶೇಕಡಾವಾರು ಅಲ್ಲ.

ಆದರೆ ಅದನ್ನೇ ಅಭ್ಯಾಸ ಮಾಡಿಕೊಂಡು 40% ಸುಕ್ರೋಸ್‌ಗೂ 40 ಗ್ರಾಂ ಮೇಲೆ 100 ಮಿ.ಲೀ. ಸುರಿದರೆ ಗಾತ್ರ 125ರ ಹತ್ತಿರ ಹೋಗುತ್ತದೆ, ಸಿಗುವುದು 32%. ಡೆನ್ಸಿಟಿ ಗ್ರೇಡಿಯೆಂಟ್ (ಬೇರೆ ಬೇರೆ ಸಾಂದ್ರತೆಯ ಸುಕ್ರೋಸ್ ಪದರ) ಹಾಕುವವರು ಹೀಗೆ ಮಾಡಿದರೆ ಬ್ಯಾಂಡ್ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುವುದಿಲ್ಲ. ಇನ್ನೂ ಒಂದು ಸೂಕ್ಷ್ಮ ಇದೆ. ರಿಫ್ರ್ಯಾಕ್ಟೋಮೀಟರ್‌ನಲ್ಲಿ ಬ್ರಿಕ್ಸ್ (ಸಕ್ಕರೆಯ ಅಳತೆ) ನೋಡಿದರೆ ಅದು ತೋರಿಸುವುದು ತೂಕಕ್ಕೆ ತೂಕದ ಲೆಕ್ಕ. ಸರಿಯಾಗಿ ಮಾಡಿದ 20% ಡಬ್ಲ್ಯೂ/ವಿ ಸುಕ್ರೋಸ್ ಅದರಲ್ಲಿ 18.6ರ ಸುತ್ತ ಓದುತ್ತದೆ. ಅದನ್ನು ನೋಡಿ ಕಡಿಮೆಯಾಯಿತು ಅಂತ ಮತ್ತೆ ಸಕ್ಕರೆ ಸುರಿಯುವವರಿದ್ದಾರೆ.

ಜೆಲ್_ಓಡಿಸುವವ

ಒಪ್ಪಿದೆ, 40%ಗೆ ನಾನೂ ಮೇಕಪ್ಪೇ ಮಾಡುವವನು. ನಾನು ಹೇಳಿದ್ದು ಸಣ್ಣ ಪರ್ಸೆಂಟಿನ ಮಾತು. ಗೆರೆ ಎಲ್ಲಿ ಎಳೆಯಬೇಕು ಅಂತ ಕೇಳಿದರೆ, 5% ದಾಟಿದ ಮೇಲೆ ಮೇಕಪ್ ಕಡ್ಡಾಯ ಅಂತೀನಿ.

ಸ್ಟಾಕ್‌ರೂಮ್

ಗೆರೆ ಎಳೆಯುವ ಬದಲು ಎಲ್ಲಕ್ಕೂ ಮೇಕಪ್ ಮಾಡುವುದೇ ಸುಲಭ. ಎರಡು ಪದ್ಧತಿ ಇಟ್ಟುಕೊಂಡವರು ಅವಸರದಲ್ಲಿ ಯಾವುದಕ್ಕೆ ಯಾವುದು ಅಂತ ಮರೆಯುತ್ತಾರೆ.

ಮೇಕಪ್ ಅಂದ ತಕ್ಷಣ ಸ್ಟ್ಯಾಂಡರ್ಡ್ ಫ್ಲಾಸ್ಕ್‌ಗೆ ಕೈ ಹಾಕುವವರಿಗೂ ಒಂದು ಮಾತು. ಅದನ್ನು ಹಾಟ್ ಪ್ಲೇಟ್ ಮೇಲೆ ಇಡಬೇಡಿ. ಬಿಸಿ ದ್ರಾವಣ ಸುರಿದು ಗೆರೆಗೆ ತುಂಬಿಸಬೇಡಿ. ಫ್ಲಾಸ್ಕ್‌ನ ಕುತ್ತಿಗೆ ಮೇಲೆ 20 ಡಿಗ್ರಿ ಅಂತ ಬರೆದಿರುವುದು ಅದಕ್ಕೇ. ಬೀಕರ್‌ನಲ್ಲಿ ಬಿಸಿ ಮಾಡಿ ಕರಗಿಸಿ, ತಣ್ಣಗಾಗಲಿ, ಆಮೇಲೆ ಫ್ಲಾಸ್ಕ್. ಇನ್ನು ಬೀಕರ್ ಮೇಲಿನ ಗೆರೆ ಅಳತೆಗಲ್ಲ. ಅದರ ಮೇಲೇ ಸಾಮಾನ್ಯವಾಗಿ 5% ಆಚೀಚೆ ಅಂತ ಮುದ್ರಿಸಿರುತ್ತಾರೆ, ಯಾರೂ ಓದುವುದಿಲ್ಲ.

ಎರಡನೇ_ಸೆಮ್

ಅಬ್ಬಾ, ಒಂದು ಸಕ್ಕರೆ ನೀರಿಗೆ ಇಷ್ಟೊಂದಾ! ತುಂಬಾ ಥ್ಯಾಂಕ್ಸ್. ಸರಿ, ಅಗರೋಸ್‌ಗೂ ಹೀಗೇ ಮೇಕಪ್ ಮಾಡಬೇಕಾ? 0.8%, 50 ಮಿ.ಲೀ. ಬೇಕು. 0.4 ಗ್ರಾಂ ಅಂತ ಲೆಕ್ಕ ಬಂತು. ಅದು ತಣ್ಣೀರಲ್ಲಿ ಕರಗುವುದೇ ಇಲ್ಲ, ಬಿಸಿಯಾದದ್ದನ್ನು ಸಿಲಿಂಡರ್‌ಗೆ ಸುರಿದರೆ ಅಲ್ಲೇ ಗಟ್ಟಿಯಾಗುತ್ತದಲ್ಲ?

ಜೆಲ್_ಓಡಿಸುವವ

ಇದು ನನ್ನ ಪ್ರಶ್ನೆ, ಯಾರೂ ಮುಟ್ಟಬೇಡಿ.

0.4 ಗ್ರಾಂ ಸರಿ. ಅದಕ್ಕೆ 50 ಮಿ.ಲೀ. ಒಂದು ಎಕ್ಸ್ ಟಿಎಇ (ಜೆಲ್ ಓಡಿಸುವ ಬಫರ್) ಅಳೆದು ಹಾಕಿಬಿಡು, ಇಲ್ಲಿ ಯಾರೂ ಮೇಕಪ್ ಮಾಡುವುದಿಲ್ಲ. ನೀರಲ್ಲ, ಟಿಎಇ. ಇದನ್ನು ಮರೆತು ಡಿಸ್ಟಿಲ್ಡ್ ವಾಟರ್‌ನಲ್ಲಿ ಜೆಲ್ ಮಾಡಿದರೆ ಅಯಾನುಗಳೇ ಇರುವುದಿಲ್ಲ, ಡಿಎನ್‌ಎ ಓಡಬೇಕಾದ ಹಾಗೆ ಓಡುವುದಿಲ್ಲ. ಫ್ಲಾಸ್ಕ್ 200 ಅಥವಾ 250 ಮಿ.ಲೀ. ಇರಲಿ, 100ರದ್ದಾದರೆ ಮೈಕ್ರೋವೇವ್‌ನಲ್ಲಿ ಉಕ್ಕಿ ಹೊರಗೆ ಬರುತ್ತದೆ.

ನಿಜವಾದ ತೊಂದರೆ ಇರುವುದು ಕುದಿಸುವಾಗ. ಹಬೆಯಾಗಿ ಹೋಗುವುದು ನೀರು ಮಾತ್ರ, ಅಗರೋಸ್ ಅಲ್ಲೇ ಇರುತ್ತದೆ. 5 ಮಿ.ಲೀ. ಆವಿಯಾಯಿತು ಅಂದರೆ 0.4 ಗ್ರಾಂ 45 ಮಿ.ಲೀ.ನಲ್ಲಿ, ಅಂದರೆ 0.89%. ನಾಲ್ಕು ಬ್ಯಾಚ್ ನಾಲ್ಕು ಹೊತ್ತು ಕುದಿಸಿದರೆ ನಾಲ್ಕು ತರದ ಜೆಲ್. ಆಮೇಲೆ ನಮ್ಮ ಮಾರ್ಕರ್ (ಅಳತೆಗೆ ಓಡಿಸುವ ಡಿಎನ್‌ಎ) ಯಾಕೆ ನಿಮ್ಮಷ್ಟು ದೂರ ಓಡಿಲ್ಲ ಅಂತ ಕೇಳುತ್ತಾ ಓಡಾಡುತ್ತಾರೆ.

ಮದ್ದು ಸುಲಭ. ಕುದಿಸುವ ಮುಂಚೆ ಫ್ಲಾಸ್ಕ್ ಸಮೇತ ತೂಕ ಬರೆದುಕೋ. ಕುದಿಸಿ, ಅಲ್ಲಾಡಿಸಿ, ಬೆಳಕಿಗೆ ಹಿಡಿದು ನೋಡು. ಗಾಜಿನ ಚೂರಿನ ಹಾಗೆ ಹೊಳೆಯುವ ಕಣ ಒಂದೂ ತೇಲಬಾರದು. ಮತ್ತೆ ತೂಗು, ಎಷ್ಟು ಕಡಿಮೆಯಾಗಿದೆಯೋ ಅಷ್ಟು ಬಿಸಿ ಡಿಸ್ಟಿಲ್ಡ್ ವಾಟರ್ ಹಾಕು. ಈಗ ಟಿಎಇ ಅಲ್ಲ, ನೀರು. ಹೋದದ್ದು ನೀರು ತಾನೇ.

ಸುಮ್ನೆ_ಓದುಗ

ಆ ಕೊನೇ ಮಾತು ನಾನೆಲ್ಲೂ ಓದಿರಲಿಲ್ಲ. ಒಂದು ಅನುಮಾನ: ಜೆಲ್‌ನಲ್ಲಿ ಡಿಎನ್‌ಎ ಕಾಣಲು ಹಾಕುವ ಎಥಿಡಿಯಂ ಬ್ರೋಮೈಡ್‌ಗೆ ಯಾಕೆ % ಬರೆಯುವುದಿಲ್ಲ? ಬಾಟಲಿ ಮೇಲೆ 10 ಮಿ.ಗ್ರಾಂ. ಪ್ರತಿ ಮಿ.ಲೀ.ಗೆ ಅಂತ ಇರುತ್ತೆ.

ಲೆಕ್ಕ_ಮೊದಲು

ಅದೂ ಶೇಕಡಾವಾರೇ. 1% ಡಬ್ಲ್ಯೂ/ವಿ ಅಂದರೆ 100 ಮಿ.ಲೀ.ಗೆ 1 ಗ್ರಾಂ, ಅಂದರೆ ಒಂದು ಮಿ.ಲೀ.ಗೆ 10 ಮಿ.ಗ್ರಾಂ. ನಿಮ್ಮ ಸ್ಟಾಕ್ 1% ದ್ರಾವಣ. ಆದರೆ ಜೆಲ್‌ನಲ್ಲಿ ಬೇಕಿರುವುದು ಮಿ.ಲೀ.ಗೆ 0.5 ಮೈಕ್ರೋಗ್ರಾಂ, ಅಂದರೆ 0.00005%. ಇಷ್ಟು ಸೊನ್ನೆ ಬರೆದರೆ ಯಾರಾದರೂ ಒಂದನ್ನು ನುಂಗಿಯೇ ನುಂಗುತ್ತಾರೆ. 50 ಮಿ.ಲೀ. ಜೆಲ್‌ಗೆ 2.5 ಮೈಕ್ರೋಲೀಟರ್ ಸ್ಟಾಕ್ ಸಾಕು. ಕೈಗವಸು ಹಾಕಿಕೊಂಡು.

ಪರ್ಸೆಂಟ್‌ನಿಂದ ಮೋಲಾರ್‌ಗೆ ಹೋಗಲು ಇದೇ ದಾರಿ. ಪರ್ಸೆಂಟನ್ನು 10ರಿಂದ ಗುಣಿಸಿದರೆ ಲೀಟರ್‌ಗೆ ಎಷ್ಟು ಗ್ರಾಂ ಅಂತ ಸಿಗುತ್ತದೆ, ಅದನ್ನು ಅಣುತೂಕದಿಂದ ಭಾಗಿಸಿದರೆ ಮೋಲಾರಿಟಿ. 0.9% ಉಪ್ಪು: 9 ಭಾಗಿಸು 58.44, ಅಂದರೆ 0.154 ಮೋಲಾರ್. ಡಬ್ಲ್ಯೂ/ವಿ ಇದ್ದರೆ ಮಾತ್ರ ಇಷ್ಟು ಸಲೀಸು.

ಎರಡನೇ_ಸೆಮ್

70% ಎಥನಾಲ್ ನಾನು ಮಾಡಬಲ್ಲೆ ಅಂದುಕೊಂಡಿದ್ದೇನೆ. ಲ್ಯಾಬ್‌ನಲ್ಲಿರುವುದು 95%. ಸಿ1ವಿ1 = ಸಿ2ವಿ2, 70 ಗುಣಿಸು 100, ಭಾಗಿಸು 95, 73.7 ಮಿ.ಲೀ. ಉಳಿದ 26.3 ನೀರು. ಸರಿನಾ?

ಕೆಳ_ಮೆನಿಸ್ಕಸ್

73.7 ಸರಿ. 26.3 ಸರಿಯಲ್ಲ.

ಎಥನಾಲ್ ಮತ್ತು ನೀರು ಬೆರೆತಾಗ ಗಾತ್ರ ಕುಗ್ಗುತ್ತದೆ. 50 ಮಿ.ಲೀ. ಎಥನಾಲ್‌ಗೆ 50 ಮಿ.ಲೀ. ನೀರು ಸೇರಿಸಿ ನೋಡಿ, 100 ಬರುವುದಿಲ್ಲ, 96 ಅಥವಾ 97ಕ್ಕೆ ನಿಲ್ಲುತ್ತದೆ. ಎರಡರ ಅಣುಗಳು ಒಂದಕ್ಕೊಂದು ಹೈಡ್ರೋಜನ್ ಬಂಧ ಬೆಸೆದುಕೊಂಡು ಒತ್ತೊತ್ತಾಗಿ ಕೂರುವುದೇ ಕಾರಣ. ಆದ್ದರಿಂದ 73.7 ಮಿ.ಲೀ. ಸಿಲಿಂಡರ್‌ಗೆ ಹಾಕಿ, ನೀರನ್ನು 100ರ ಗೆರೆವರೆಗೆ ತುಂಬಿಸಿ. ನೀರು 26.3ಕ್ಕಿಂತ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ. ಬೆರೆಸುವಾಗ ಸ್ವಲ್ಪ ಬೆಚ್ಚಗಾಗುವುದೂ ಸಹಜ, ಆರಿದ ಮೇಲೆ ಗೆರೆಯನ್ನು ಮತ್ತೊಮ್ಮೆ ನೋಡಿ.

ಸುಕ್ರೋಸ್‌ನಲ್ಲಿ ಹಿಗ್ಗಿತು, ಇಲ್ಲಿ ಕುಗ್ಗಿತು. ಎರಡು ಕಡೆಯೂ ಗೆರೆವರೆಗೆ ತುಂಬಿಸಿದವರು ಪಾರಾದರು.

ಸ್ಟಾಕ್‌ರೂಮ್

ಲೆಕ್ಕವೇ ಬೇಡದ ದಾರಿ ಹೇಳುತ್ತೇನೆ. ಬೇಕಾದ ಪರ್ಸೆಂಟ್ ಎಷ್ಟೋ ಅಷ್ಟು ಮಿ.ಲೀ. ತಗೊಳ್ಳಿ, ಬಾಟಲಿಯ ಪರ್ಸೆಂಟ್ ಎಷ್ಟೋ ಅಷ್ಟಕ್ಕೆ ತುಂಬಿಸಿ. 95ರಿಂದ 70 ಬೇಕೇ? 70 ಮಿ.ಲೀ. ತಗೊಂಡು 95ಕ್ಕೆ ತುಂಬಿಸಿ. 95ರಿಂದ 50 ಬೇಕೇ? 50 ತಗೊಂಡು 95ಕ್ಕೆ. ಹಿಸ್ಟಾಲಜಿಗೆ 30, 50, 70, 90 ಅಂತ ಸಾಲಾಗಿ ಮಾಡುವಾಗ ಕ್ಯಾಲ್ಕುಲೇಟರ್ ಮುಟ್ಟುವ ಅಗತ್ಯವೇ ಬರುವುದಿಲ್ಲ. ಹತ್ತಿರದಲ್ಲಿ ಬರ್ನರ್ ಉರಿಯುತ್ತಿರಬಾರದು.

ಸುಮ್ನೆ_ಓದುಗ

ಬೆಂಚ್ ಒರೆಸಲು 95% ಇದ್ದರೆ ಅದನ್ನೇ ಬಳಸಬಹುದಲ್ಲ, ಯಾಕೆ ತೆಳು ಮಾಡಬೇಕು? ಜಾಸ್ತಿ ಇದ್ದರೆ ಜಾಸ್ತಿ ಕೊಲ್ಲಬೇಕು ತಾನೇ?

ಜೆಲ್_ಓಡಿಸುವವ

ಇಲ್ಲ. ಪ್ರೋಟೀನ್ ಕೆಡಿಸುವುದಕ್ಕೆ ಎಥನಾಲ್‌ಗೆ ನೀರಿನ ಜೊತೆ ಬೇಕು. 60ರಿಂದ 80ರ ನಡುವೆ ಚೆನ್ನಾಗಿ ಕೆಲಸ ಮಾಡುತ್ತದೆ. ಹೆಚ್ಚಾದರೆ ಬೇಗ ಆರಿಯೂ ಹೋಗುತ್ತದೆ. ಸ್ಪೋರ್‌ಗಳನ್ನು ಮಾತ್ರ ಯಾವ ಪರ್ಸೆಂಟೂ ನಂಬಿಕೆಯಾಗಿ ಕೊಲ್ಲುವುದಿಲ್ಲ.

ಎರಡನೇ_ಸೆಮ್

ಸರಿ, ಈಗ 1% ಎಚ್‌ಸಿಎಲ್. ಬಾಟಲಿಯಲ್ಲಿರುವುದು ದ್ರವ. ದ್ರವ ಅಂದರೆ ವಿ/ವಿ ಅಂತ ಸರ್ ಮೇಲೆ ಹೇಳಿದರು. 1 ಮಿ.ಲೀ. ಆಸಿಡ್, 99 ಮಿ.ಲೀ. ನೀರು?

ಲೆಕ್ಕ_ಮೊದಲು

ಬಾಟಲಿ ಲೇಬಲ್ ಓದಿ. ಎರಡು ಅಂಕಿ ಸಿಗುತ್ತವೆ: 37% ಮತ್ತು ಸಾಂದ್ರತೆ 1.19. ಆ 37% ತೂಕಕ್ಕೆ ತೂಕ. ಅಂದರೆ ಬಾಟಲಿಯಲ್ಲಿರುವುದು ಶುದ್ಧ ಎಚ್‌ಸಿಎಲ್ ಅಲ್ಲ. ಅನಿಲವನ್ನು ನೀರಲ್ಲಿ ಕರಗಿಸಿದ ದ್ರಾವಣ ಅದು, ಉಳಿದ 63% ನೀರೇ.

ಒಂದು ಮಿ.ಲೀ. ತೂಗಿದರೆ 1.19 ಗ್ರಾಂ. ಅದರಲ್ಲಿ 37% ಎಚ್‌ಸಿಎಲ್, ಅಂದರೆ 0.44 ಗ್ರಾಂ. ನಿಮಗೆ 100 ಮಿ.ಲೀ.ನಲ್ಲಿ 1 ಗ್ರಾಂ ಎಚ್‌ಸಿಎಲ್ ಬೇಕಾದರೆ 1 ಭಾಗಿಸು 0.44, ಸುಮಾರು 2.27 ಮಿ.ಲೀ. ಬಾಟಲಿಯಿಂದ ತೆಗೆಯಬೇಕು. ನೀವು ಹೇಳಿದ ಹಾಗೆ 1 ಮಿ.ಲೀ. ಹಾಕಿದರೆ 0.44% ಬರುತ್ತದೆ, ಅರ್ಧಕ್ಕಿಂತ ಕಡಿಮೆ.

ಸಾಂದ್ರತೆ ಬಿಟ್ಟು ಬರೀ 37 ಹಿಡಿದು ಸಿ1ವಿ1 ಹಾಕುವವರೂ ಇದ್ದಾರೆ, ಅವರಿಗೆ 2.7 ಮಿ.ಲೀ. ಬರುತ್ತದೆ. ಎಡಗಡೆ ತೂಕದ ಪರ್ಸೆಂಟ್, ಬಲಗಡೆ ಗಾತ್ರದ ಪರ್ಸೆಂಟ್ ಇಟ್ಟರೆ ಆ ಸೂತ್ರ ನಡೆಯುವುದಿಲ್ಲ.

ಸ್ಟಾಕ್‌ರೂಮ್

ಲೆಕ್ಕ ಸರಿ, ಆದರೆ ಪಟ್ಟಿ ಕೊಟ್ಟವರು ಅದನ್ನೇ ಕೇಳಿದ್ದಾರಾ ಅಂತ ಮೊದಲು ವಿಚಾರಿಸಲಿ. ಸ್ಲೈಡ್ ಸ್ಟೇನ್ ಮಾಡುವಾಗ ಬಳಸುವ ಆಸಿಡ್ ಆಲ್ಕೊಹಾಲ್ ಇದೆಯಲ್ಲ, 70% ಎಥನಾಲ್‌ನಲ್ಲಿ 1% ಎಚ್‌ಸಿಎಲ್. ಅಲ್ಲಿ ಎಲ್ಲರೂ ಹಾಕುವುದು 99 ಮಿ.ಲೀ. ಆಲ್ಕೊಹಾಲ್‌ಗೆ ಬಾಟಲಿಯ ಆಸಿಡ್ 1 ಮಿ.ಲೀ. ಮಾತ್ರ. ಅಲ್ಲಿ 2.27 ಹಾಕಿದರೆ ಬಣ್ಣ ಬೇಕಾದದ್ದಕ್ಕಿಂತ ಬೇಗ ಕಿತ್ತುಕೊಂಡು ಹೋಗುತ್ತದೆ. ಪ್ರೋಟೋಕಾಲ್‌ನ ಲೆಕ್ಕವೇ ಬಾಟಲಿಯ ದ್ರವದ ಮೇಲೆ ನಿಂತಿದೆ.

ಯಾವ ಲೆಕ್ಕವಾದರೂ ಸರಿ, ಮೊದಲು ನೀರು, ಆಮೇಲೆ ಆಸಿಡ್. ಫ್ಯೂಮ್ ಹುಡ್‌ನಲ್ಲಿ. ಬಾಯಿಂದ ಪಿಪೆಟ್ ಎಳೆಯುವುದು ಅನ್ನುವ ಮಾತೇ ಬೇಡ.

ಎರಡನೇ_ಸೆಮ್

ಅಂದರೆ ಒಂದೇ 1% ಎಚ್‌ಸಿಎಲ್ ಎರಡು ಅರ್ಥ! ಫಾರ್ಮಲಿನ್‌ನಲ್ಲೂ ಇದೇ ಕಥೆಯಾ?

ಸುಮ್ನೆ_ಓದುಗ

ಈಗ ಕಲಿತದ್ದನ್ನು ಬಳಸುತ್ತೇನೆ. ಬಾಟಲಿ 37%. 10% ಬೇಕು. 10 ಗುಣಿಸು 100, ಭಾಗಿಸು 37. 27 ಮಿ.ಲೀ. ತಗೊಂಡು 100ಕ್ಕೆ ತುಂಬಿಸಬೇಕು.

ಸ್ಟಾಕ್‌ರೂಮ್

ಬೇಡ! ಅದು 10% ಫಾರ್ಮಾಲ್ಡಿಹೈಡ್ ಆಗುತ್ತದೆ. ಕೇಳಿದ್ದು 10% ಫಾರ್ಮಲಿನ್.

ಫಾರ್ಮಾಲ್ಡಿಹೈಡ್ ಅನಿಲ. ಅದನ್ನು ನೀರಲ್ಲಿ ಸುಮಾರು 37% ಕರಗಿಸಿ ಮಾರುತ್ತಾರಲ್ಲ, ಆ ಬಾಟಲಿಯ ದ್ರವಕ್ಕೇ ಫಾರ್ಮಲಿನ್ ಅಂತ ಹೆಸರು. 10% ಫಾರ್ಮಲಿನ್ ಅಂದರೆ ಆ ದ್ರವ 10 ಮಿ.ಲೀ., ನೀರೋ ಬಫರೋ 90 ಮಿ.ಲೀ. ಫಾರ್ಮಾಲ್ಡಿಹೈಡ್ ಲೆಕ್ಕದಲ್ಲಿ ಅದು 4%ಗೂ ತುಸು ಕಡಿಮೆ. 27 ಮಿ.ಲೀ. ಹಾಕಿದರೆ ಬೇಕಾದದ್ದಕ್ಕಿಂತ ಎರಡೂಮುಕ್ಕಾಲು ಪಟ್ಟು ಗಟ್ಟಿ, ಕಣ್ಣು ಮೂಗು ಉರಿಯುವುದು ಬೇರೆ. ಅದು ಕ್ಯಾನ್ಸರ್‌ಕಾರಕ ಅಂತ ಖಚಿತವಾಗಿರುವ ರಾಸಾಯನಿಕ, ಹುಡ್ ಇಲ್ಲದೆ ಬಾಟಲಿ ತೆರೆಯಬಾರದು.

ಕೆಳ_ಮೆನಿಸ್ಕಸ್

ಇದನ್ನೇ ಮುಂದುವರಿಸುತ್ತೇನೆ, ಏಕೆಂದರೆ ಓದುವಾಗ ಇದು ಕಾಡುತ್ತದೆ. ಒಂದು ಪ್ರೋಟೋಕಾಲ್‌ನಲ್ಲಿ 4% ಪ್ಯಾರಾಫಾರ್ಮಾಲ್ಡಿಹೈಡ್ ಎಂದಿರುತ್ತದೆ, ಇನ್ನೊಂದರಲ್ಲಿ 10% ಫಾರ್ಮಲಿನ್ ಎಂದಿರುತ್ತದೆ. ಎರಡನೆಯದು ಹೆಚ್ಚು ಪ್ರಬಲ ಎಂದು ವಿದ್ಯಾರ್ಥಿಗಳು ಊಹಿಸುತ್ತಾರೆ. ಫಾರ್ಮಾಲ್ಡಿಹೈಡ್ ಪ್ರಮಾಣದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಬೇರೆ ಕಡೆ: ಬಾಟಲಿಯ ಫಾರ್ಮಲಿನ್ ಇಟ್ಟಲ್ಲೇ ಪಾಲಿಮರ್ ಆಗದಿರಲಿ ಎಂದು ಅದಕ್ಕೆ ಮೆಥನಾಲ್ ಸೇರಿಸಿರುತ್ತಾರೆ, ಪ್ಯಾರಾಫಾರ್ಮಾಲ್ಡಿಹೈಡ್ ಪುಡಿಯಿಂದ ಹೊಸದಾಗಿ ಮಾಡಿದ್ದರಲ್ಲಿ ಅದು ಇರುವುದಿಲ್ಲ.

ಬ್ಲೀಚ್ ಕೂಡ ಇದೇ ಗುಂಪಿನದು. 10% ಬ್ಲೀಚ್ ಎಂದರೆ ಬಾಟಲಿಯ ದ್ರವ ಒಂದು ಪಾಲು, ನೀರು ಒಂಬತ್ತು ಪಾಲು. ಬಾಟಲಿಯಲ್ಲಿ ಹೈಪೋಕ್ಲೋರೈಟ್ 5% ಇದ್ದರೆ ಕೈಗೆ ಸಿಗುವುದು 0.5%.

ಲೆಕ್ಕ_ಮೊದಲು

ಒಂದು ಪಾಲು, ಒಂಬತ್ತು ಪಾಲು ಅಂತ ಬಿಡಿಸಿ ಬರೆದದ್ದು ಒಳ್ಳೆಯದಾಯಿತು. 1:10 ಅಂತ ಬರೆದರೆ ಕೆಲವರು ಒಂದಕ್ಕೆ ಹತ್ತು ಸೇರಿಸುತ್ತಾರೆ, ಕೆಲವರು ಒಟ್ಟು ಹತ್ತು ಮಾಡುತ್ತಾರೆ. ಮೊದಲನೆಯವರದು 9.1%. ನಾನು ಯಾವಾಗಲೂ 1 + 9 ಅಂತ ಕೂಡಿಸುವ ಗುರುತು ಹಾಕಿಯೇ ಬರೆಯುತ್ತೇನೆ.

ಎರಡನೇ_ಸೆಮ್

ಕಾಪರ್ ಸಲ್ಫೇಟ್ ಘನ, 1 ಗ್ರಾಂ, 100ಕ್ಕೆ ಮೇಕಪ್. ಇದರಲ್ಲಾದರೂ ಗುಟ್ಟಿಲ್ಲ ಅಂತ ಹೇಳಿ ಪ್ಲೀಸ್.

ಲೆಕ್ಕ_ಮೊದಲು

ಡಬ್ಬಿಯಲ್ಲಿರುವುದು ನೀಲಿ ಹರಳೋ, ಬೂದು ಬಿಳಿ ಪುಡಿಯೋ?

ಎರಡನೇ_ಸೆಮ್

ನೀಲಿ.

ಲೆಕ್ಕ_ಮೊದಲು

ಹಾಗಾದರೆ ಪೆಂಟಾಹೈಡ್ರೇಟ್. ಪ್ರತಿ ಅಣುವಿನ ಜೊತೆ ಐದು ನೀರಿನ ಅಣು ಅಂಟಿಕೊಂಡಿವೆ. ಅಣುತೂಕ 249.7, ನೀರಿಲ್ಲದ್ದು 159.6. 1 ಗ್ರಾಂ ನೀಲಿ ಹರಳು ತೂಗಿದರೆ ಅದರಲ್ಲಿ ಕಾಪರ್ ಸಲ್ಫೇಟ್ 0.64 ಗ್ರಾಂ ಮಾತ್ರ, ಉಳಿದದ್ದು ನೀರು. ನೀರಿಲ್ಲದ ಕಾಪರ್ ಸಲ್ಫೇಟ್‌ನ 1% ಬೇಕಿದ್ದರೆ ನೀಲಿ ಹರಳು 1.56 ಗ್ರಾಂ ಹಾಕಬೇಕು.

ಮೋಲಾರ್ ದ್ರಾವಣದಲ್ಲಿ ಈ ಕಷ್ಟ ಇಲ್ಲ, ಡಬ್ಬಿ ಮೇಲಿನ ಅಣುತೂಕ ಹಾಕಿದರೆ ನೀರಿನ ಲೆಕ್ಕ ತಾನಾಗಿ ಸೇರಿಬಿಡುತ್ತದೆ. ನನಗೆ ಪರ್ಸೆಂಟ್ ಕಂಡರೆ ಆಗದಿರಲು ಇದೂ ಒಂದು ಕಾರಣ. ಮೆಗ್ನೀಸಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್‌ನಲ್ಲಂತೂ ಅರ್ಧಕ್ಕಿಂತ ಹೆಚ್ಚು ತೂಕ ನೀರಿನದೇ.

ಕೆಳ_ಮೆನಿಸ್ಕಸ್

ಸರಿ. ಆದರೆ ಇವರಿಗೆ ಅದು ಬಹುಶಃ ಲೋರಿ ವಿಧಾನದ ಪ್ರೋಟೀನ್ ಅಂದಾಜಿಗೆ ಬೇಕಿರುತ್ತದೆ. 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ 2% ಸೋಡಿಯಂ ಕಾರ್ಬೋನೇಟ್, ಅದರ ಜೊತೆ ಕಾಪರ್ ಸಲ್ಫೇಟ್ ಮತ್ತು ಟಾರ್ಟ್ರೇಟ್. ಅಲ್ಲಿನ ಪಾಕಸೂತ್ರಗಳು ಸಾಮಾನ್ಯವಾಗಿ ಪೆಂಟಾಹೈಡ್ರೇಟನ್ನೇ ನೇರವಾಗಿ ತೂಗುವ ಲೆಕ್ಕದಲ್ಲಿ ಇರುತ್ತವೆ. ನೀಲಿ ಹರಳು 1 ಗ್ರಾಂ ತೂಗಿ, ಲೇಬಲ್ ಮೇಲೆ ಪೆಂಟಾಹೈಡ್ರೇಟ್ ಎಂದು ಬರೆಯಿರಿ. ಸ್ಟ್ಯಾಂಡರ್ಡ್ ಕರ್ವ್‌ಗೂ ಸ್ಯಾಂಪಲ್‌ಗೂ ಅದೇ ರೀಏಜೆಂಟ್ ಹೋಗುವುದರಿಂದ ಅಲ್ಲಿ ಸಣ್ಣ ವ್ಯತ್ಯಾಸ ತಡೆಯುತ್ತದೆ. ತಡೆಯದಿರುವುದು ಬಿಎಸ್‌ಎ (ಹೋಲಿಕೆಗೆ ಬಳಸುವ ಪ್ರೋಟೀನ್) ಸ್ಟ್ಯಾಂಡರ್ಡ್‌ನ ತೂಕ. ಸ್ಟ್ಯಾಂಡರ್ಡ್ ಫ್ಲಾಸ್ಕ್, ನಾಲ್ಕು ದಶಮಾಂಶದ ಬ್ಯಾಲೆನ್ಸ್, ನಿಮ್ಮ ತಾಳ್ಮೆ ಎಲ್ಲವನ್ನೂ ಅಲ್ಲಿ ಖರ್ಚು ಮಾಡಿ.

ಬಿಎಸ್‌ಎಯನ್ನು ಕಲಕಬೇಡಿ, ನೊರೆ ಬರುತ್ತದೆ. ನೀರಿನ ಮೇಲೆ ಉದುರಿಸಿ ಸುಮ್ಮನೆ ಬಿಡಿ, ತಾನೇ ನೆನೆದು ಇಳಿಯುತ್ತದೆ.

ಜೆಲ್_ಓಡಿಸುವವ

ಎರಡು ತರದ ಪರ್ಸೆಂಟ್ ಒಂದೇ ಬಾಟಲಿಯಲ್ಲಿ ಬರುವುದನ್ನೂ ಹೇಳಿಬಿಡಿ, ಮುಂದೆ ಎಸ್‌ಡಿಎಸ್ ಪೇಜ್ (ಪ್ರೋಟೀನ್ ಬೇರ್ಪಡಿಸುವ ಜೆಲ್) ಬರುತ್ತದೆ ಇವರಿಗೆ. ಆ ಜೆಲ್‌ಗೆ ಹಾಕುವ ಕೂಮಾಸಿ ಸ್ಟೇನ್: 0.1% ಕೂಮಾಸಿ ಆರ್-250, 40% ಮೆಥನಾಲ್, 10% ಅಸೆಟಿಕ್ ಆಸಿಡ್. ಬಣ್ಣ ಡಬ್ಲ್ಯೂ/ವಿ, ಉಳಿದೆರಡು ವಿ/ವಿ. 100 ಮಿ.ಲೀ.ಗೆ 0.1 ಗ್ರಾಂ, 40 ಮಿ.ಲೀ., 10 ಮಿ.ಲೀ. ಎಲ್ಲವೂ ಕೊನೆಯ 100ರ ಮೇಲಿನ ಲೆಕ್ಕ. ಮೊದಲು ಬಣ್ಣವನ್ನು ಮೆಥನಾಲ್‌ನಲ್ಲಿ ಕರಗಿಸಿ, ಆಮೇಲೆ ನೀರು, ಆಸಿಡ್, ಕೊನೆಗೆ ಫಿಲ್ಟರ್ ಪೇಪರ್.

ಟ್ವೀನ್-20 (ಅಂಟಂಟಾದ ದ್ರವ ಡಿಟರ್ಜೆಂಟ್) ಇನ್ನೊಂದು ತಲೆನೋವು. 500 ಮಿ.ಲೀ.ಗೆ 0.05% ಅಂದರೆ 0.25 ಮಿ.ಲೀ. ಅದು ಟಿಪ್ ಗೋಡೆಗೆ ಅಂಟಿಕೊಂಡು ಅರ್ಧ ಅಲ್ಲೇ ಉಳಿಯುತ್ತದೆ. ಅದಕ್ಕೇ 10% ಸ್ಟಾಕ್ ಮಾಡಿಟ್ಟುಕೊಂಡು 2.5 ಮಿ.ಲೀ. ಹಾಕುವುದು. ಸ್ಟಾಕ್ ಮಾಡುವಾಗ ಟಿಪ್‌ನ ತುದಿ ಕತ್ತರಿಸಿ, ನಿಧಾನಕ್ಕೆ ಎಳೆಯಿರಿ. ಗ್ಲಿಸರಾಲ್‌ಗೆ ನಾನು ಪಿಪೆಟ್ಟೇ ಮುಟ್ಟುವುದಿಲ್ಲ, ತೂಗುತ್ತೇನೆ. ಸಾಂದ್ರತೆ 1.26, 50 ಮಿ.ಲೀ. ಬೇಕಾದರೆ 63 ಗ್ರಾಂ ಬೀಕರ್‌ಗೆ ಸುರಿದರಾಯಿತು. ಲೇಬಲ್ ಮೇಲೆ ಮಾತ್ರ ವಿ/ವಿ ಅಂತಲೇ ಬರೆಯಬೇಕು.

ಎರಡನೇ_ಸೆಮ್

ಕೊನೆಯದು ಎಸ್‌ಡಿಎಸ್. 10%, 100 ಮಿ.ಲೀ. 10 ಗ್ರಾಂ ತೂಗಿ, 80 ಮಿ.ಲೀ. ನೀರಲ್ಲಿ ಕರಗಿಸಿ, 100ಕ್ಕೆ ತುಂಬಿಸುತ್ತೇನೆ. ಹೋದ ಬ್ಯಾಚ್ ಮಾಡಿಟ್ಟ ಬಾಟಲಿ ಫ್ರಿಜ್‌ನಲ್ಲಿದೆ, ತಳದಲ್ಲಿ ಬಿಳಿ ಹರಳು ಕಟ್ಟಿದೆ. ಮೇಲಿನ ತಿಳಿಯನ್ನು ಬಳಸಬಹುದಾ ಅಥವಾ ಚೆಲ್ಲಬೇಕಾ?

ಸ್ಟಾಕ್‌ರೂಮ್

ಮೇಲಿನ ತಿಳಿ ಬಳಸಲೇಬೇಡ. ಹರಳಾಗಿ ಕೂತಿರುವುದು ಎಸ್‌ಡಿಎಸ್, ಅಂದಮೇಲೆ ತಿಳಿಯಲ್ಲಿ 10% ಇಲ್ಲ. ಚೆಲ್ಲುವುದೂ ಬೇಡ. ಬಾಟಲಿಯನ್ನು ಬಿಸಿ ನೀರಿನ ಬಾತ್‌ನಲ್ಲಿಡು, ಪೂರ್ತಿ ಕರಗುತ್ತದೆ, ಮೆಲ್ಲಗೆ ತಿರುಗಿಸಿ ಬೆರೆಸು. ಆಮೇಲೆ ಹೊರಗೇ ಇಡು, ಎಸ್‌ಡಿಎಸ್‌ಗೆ ಫ್ರಿಜ್ ಆಗದು.

ಹೊಸದು ಮಾಡುವುದಾದರೆ ನಿನ್ನ ಲೆಕ್ಕ ಸರಿಯಿದೆ. ಪುಡಿ ತುಂಬಾ ಹಗುರ, ತೂಗುವಾಗ ಹಾರಿ ಗಂಟಲು ಹಿಡಿಯುತ್ತದೆ, ಮಾಸ್ಕ್ ಹಾಕಿಕೋ, ಫ್ಯಾನ್ ಆರಿಸು. ಸ್ಟಿರರ್ ನಿಧಾನಕ್ಕೆ ತಿರುಗಲಿ. ಜೋರಾದರೆ ನೊರೆ ಎದ್ದು 100ರ ಗೆರೆ ಎಲ್ಲಿದೆ ಅಂತ ಕಾಣುವುದಿಲ್ಲ, ನೊರೆ ಇಳಿಯುವವರೆಗೆ ಕಾಯಬೇಕಾಗುತ್ತದೆ. ಕರಗದಿದ್ದರೆ 68 ಡಿಗ್ರಿವರೆಗೆ ಬಿಸಿ ಮಾಡಬಹುದು.

ಲೆಕ್ಕ_ಮೊದಲು

ಪೊಟ್ಯಾಸಿಯಂ ಇರುವ ಬಫರ್ ಜೊತೆ ಬೆರೆಸಿದರೆ ಫ್ರಿಜ್‌ನಲ್ಲಿ ಇಡದೆಯೂ ಬಿಳಿಯಾಗಿ ಕೂರುತ್ತದೆ. ಅದು ಪೊಟ್ಯಾಸಿಯಂ ಲವಣ, ಬಾತ್‌ನಲ್ಲಿಟ್ಟು ಕರಗಿಸಿದರೂ ಆರಿದ ಮೇಲೆ ಮತ್ತೆ ಕೂರುತ್ತದೆ. ಹಳೇ ಬಾಟಲಿ ಬಿಸಿ ಮಾಡಿ ಆರಿಸಿದ ಮೇಲೂ ಹರಳು ವಾಪಸ್ ಬಂದರೆ, ಮಾಡಿದವರು ನೀರಿನ ಬದಲು ಬೇರೇನೋ ಸುರಿದಿದ್ದಾರೆ ಅಂತ ಅನುಮಾನ ಪಡಿ. ರೂಮೇ ತಣ್ಣಗಿದ್ದರೆ ಮಾತ್ರ ಆ ಮಾತು ಬೇರೆ.

ಎರಡನೇ_ಸೆಮ್

ಬಾಟಲಿ ಮೇಲೆ ಎಸ್‌ಡಿಎಸ್ 10% ಅಂತ ಬಿಟ್ಟರೆ ಏನೂ ಇಲ್ಲ. ತಾರೀಖಿಲ್ಲ, ಯಾರು ಮಾಡಿದ್ದು ಅಂತಲೂ ಇಲ್ಲ.

ಸ್ಟಾಕ್‌ರೂಮ್

ಹಾಗಾದರೆ ನಾನು ಹೇಳಿದ್ದು ವಾಪಸ್. ಬಿಸಿ ಮಾಡುವ ತಾಪತ್ರಯ ಬೇಡ, ಅದನ್ನು ವೇಸ್ಟ್‌ಗೆ ಕೊಟ್ಟು ಹೊಸದು ಮಾಡು. ನಿನ್ನ ಬಾಟಲಿಗಳ ಮೇಲೆ ಹೆಸರು, ಎಷ್ಟು ಪರ್ಸೆಂಟ್, ಡಬ್ಲ್ಯೂ/ವಿ ಅಥವಾ ವಿ/ವಿ, ಯಾವುದರಲ್ಲಿ ಕರಗಿಸಿದ್ದು, ತಾರೀಖು, ಇನಿಷಿಯಲ್ ಇರಲಿ. ಎಥನಾಲ್ ಬಾಟಲಿ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆಯಬೇಡ, ಒಂದು ಹನಿ ಬಿದ್ದರೆ ಅಳಿಸಿ ಹೋಗುತ್ತದೆ. ಪೆನ್ಸಿಲ್‌ನಲ್ಲಿ ಬರೆದು ಮೇಲೆ ಟೇಪ್ ಅಂಟಿಸು.